ಮೊದಲ ರೋಬೋಟ್‌ಗೆ ಸಾಮಾನು: ಮೋಟರ್ ಮೊದಲು, ಬೋರ್ಡ್ ಕೊನೆಗೆ

ತಿಪಟೂರಿನಲ್ಲಿ ನನ್ನದು ಟಿವಿ, ಮಿಕ್ಸಿ, ಆಂಪ್ಲಿಫೈಯರ್ ರಿಪೇರಿ ಅಂಗಡಿ. ಈಗೀಗ ಇನ್ನೊಂದು ಥರದ ಗಿರಾಕಿಗಳೂ ಬರುತ್ತಾರೆ. ಹೈಸ್ಕೂಲು, ಪಿಯುಸಿ ಮಕ್ಕಳು. ಫೋನಿನಲ್ಲಿ ಒಂದು ಪಟ್ಟಿ ತೋರಿಸಿ, "ಅಂಕಲ್, ಇದೆಲ್ಲಾ ಇದೆಯಾ? ರೋಬೋಟ್ ಮಾಡಬೇಕು" ಅನ್ನುತ್ತಾರೆ. ಪಟ್ಟಿಯ ಮೊದಲ ಸಾಲು ಆರ್ಡುಯಿನೋ, ಅಂದರೆ ರೋಬೋಟಿಗೆ ಮಿದುಳಿನಂಥ ಪುಟ್ಟ ಕಂಪ್ಯೂಟರ್ ಬೋರ್ಡ್. ಕೊನೆಯ ಸಾಲಿನಲ್ಲಿ ಸುಮ್ನೆ 'ಬ್ಯಾಟರಿ' ಅಂತ ಇರುತ್ತದೆ. ಎಷ್ಟು ವೋಲ್ಟು, ಎಂಥದ್ದು, ಏನೂ ಇಲ್ಲ.

ಆ ಪಟ್ಟಿಯನ್ನು ನಾನು ತಲೆಕೆಳಗು ಮಾಡಿ ಬರೆಸುತ್ತೇನೆ. ಮೊದಲು ಮೋಟರ್. ಮೋಟರ್ ನೋಡಿಕೊಂಡು ಬ್ಯಾಟರಿ. ಅವೆರಡನ್ನೂ ನೋಡಿಕೊಂಡು ಡ್ರೈವರ್, ಅಂದರೆ ಬೋರ್ಡ್ ಹೇಳಿದ ಹಾಗೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಕೊಡುವ ಸಾಮಾನು. ಬೋರ್ಡ್ ಕೊನೆಗೆ. ಬೋರ್ಡ್ ಯಾವುದಾದರೂ ನಡೆಯುತ್ತದೆ. ಮೋಟರಿಗೆ ತಕ್ಕ ಬ್ಯಾಟರಿ ಇಲ್ಲದಿದ್ದರೆ ಎಷ್ಟು ದುಡ್ಡಿನ ಬೋರ್ಡ್ ಹಾಕಿದರೂ ಗಾಡಿ ನಿಂತಲ್ಲೇ ನಿಂತಿರುತ್ತದೆ.

ಎರಡು ಚಕ್ರ, ಮುಂದೊಂದು ಪುಟ್ಟ ಉರುಳುವ ಗಾಲಿ, ಎದುರಿಗೆ ಗೋಡೆ ಬಂದರೆ ತಿರುಗಿಕೊಳ್ಳುವ ಗಾಡಿ. ನಾನು ಹೇಳುವುದೆಲ್ಲ ಇಷ್ಟಕ್ಕೆ. ಕೈಕಾಲು ಇರುವ ರೋಬೋಟ್ ಆಸೆ ಇದ್ದರೂ ಮೊದಲು ಇದನ್ನು ಓಡಿಸಿ.

ಮೋಟರ್

ಅಂಗಡಿಯಲ್ಲಿ 'ಬಿಒ ಮೋಟರ್' ಅಂತ ಕೇಳಿ. ಹಳದಿ ಪ್ಲಾಸ್ಟಿಕ್ ಗೇರ್‌ಬಾಕ್ಸ್ ಇರುವ ಮೋಟರ್ ಕೊಡುತ್ತಾರೆ. ಆನ್‌ಲೈನ್‌ನಲ್ಲಿ ಇದೇ ಸಾಮಾನು 'ಟಿಟಿ ಮೋಟರ್' ಅಂತಲೂ ಸಿಗುತ್ತದೆ. ಒಂದಕ್ಕೆ 50ರಿಂದ 80 ರೂಪಾಯಿ. ಇದಕ್ಕೆ ಕೂರುವ 65 ಮಿಲಿಮೀಟರ್ ಚಕ್ರ ಪಕ್ಕದಲ್ಲೇ ಇಟ್ಟಿರುತ್ತಾರೆ.

ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ಬೇಕು ಅಂತ ಅಂಗಡಿಯವರು ಕೇಳುತ್ತಾರೆ. ಮಕ್ಕಳು ಕಣ್ಣು ಮುಚ್ಚಿಕೊಂಡು 300 ಅನ್ನುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. 65 ಮಿಲಿಮೀಟರ್ ಚಕ್ರ ಒಂದು ಸುತ್ತು ಹಾಕಿದರೆ ಗಾಡಿ ಸುಮಾರು 20 ಸೆಂಟಿಮೀಟರ್ ಹೋಗುತ್ತದೆ. 300 ಆರ್‌ಪಿಎಂ ಅಂದರೆ ಸೆಕೆಂಡಿಗೆ ಐದು ಸುತ್ತು, ಅಂದರೆ ಒಂದು ಮೀಟರ್. ನಡುಮನೆಯಲ್ಲಿ ಬಿಟ್ಟರೆ ಸೆನ್ಸರ್ ಗೋಡೆ ನೋಡಿ ಬ್ರೇಕ್ ಹಾಕುವಷ್ಟರಲ್ಲಿ ಮೂತಿ ಗೋಡೆಗೆ ಬಡಿದಿರುತ್ತದೆ. 100 ಅಥವಾ 150 ಸಾಕು. ವೇಗ ಕಡಿಮೆ ಇದ್ದಷ್ಟೂ ಎಳೆಯುವ ಶಕ್ತಿ ಜಾಸ್ತಿ. ಚಾಪೆಯ ಅಂಚನ್ನೂ ಹತ್ತುತ್ತದೆ.

ಎರಡೂ ಮೋಟರ್ ಒಂದೇ ಅಂಗಡಿಯಲ್ಲಿ, ಒಂದೇ ಡಬ್ಬದಿಂದ ತೆಗೆದುಕೊಳ್ಳಿ. ಕೌಂಟರಿನಲ್ಲೇ ಎರಡನ್ನೂ ಒಂದೇ ಬ್ಯಾಟರಿಗೆ ಮುಟ್ಟಿಸಿ ನೋಡಿ. ಒಂದು 'ಗುಯ್' ಅಂತ ಒಂದೇ ಸಮ ತಿರುಗಿ, ಇನ್ನೊಂದು 'ಕರಕರ' ಅಂದರೆ ಎರಡನೆಯದನ್ನು ವಾಪಸ್ ಕೊಟ್ಟು ಬೇರೆ ಕೇಳಿ. ಶಾಫ್ಟನ್ನು ಕೈಯಿಂದ ಜೋರಾಗಿ ತಿರುಗಿಸಿ ಪರೀಕ್ಷೆ ಮಾಡಬೇಡಿ. ಒಳಗಿರುವುದು ಪ್ಲಾಸ್ಟಿಕ್ ಹಲ್ಲು.

ಮೋಟರಿನ ಹಿಂಬದಿ ಎರಡು ತೆಳ್ಳನೆಯ ತಾಮ್ರದ ಪಟ್ಟಿ ಇರುತ್ತವೆ, ವೈರ್ ಬೆಸುಗೆ ಹಾಕಲಿಕ್ಕೆ. ಎರಡು ಸಲ ಬಗ್ಗಿಸಿದರೆ ಮುರಿಯುತ್ತವೆ. ನನ್ನ ಹತ್ತಿರ ಬರುವ ಮೋಟರ್‌ಗಳಲ್ಲಿ ಸುಟ್ಟವು ಕಡಿಮೆ, ಪಟ್ಟಿ ಮುರಿದವೇ ಜಾಸ್ತಿ. ಹಾಗಾಗಿ ವೈರ್ ಹಾಕಿಸಿಯೇ ತನ್ನಿ, ಇಲ್ಲವೇ ಊರಿನ ಮೊಬೈಲ್ ರಿಪೇರಿಯವರ ಹತ್ತಿರ ಹಾಕಿಸಿಕೊಳ್ಳಿ. ವೈರನ್ನು ಮೋಟರಿನ ಮೈಗೆ ಒಂದು ಟ್ಯಾಗ್‌ನಿಂದ ಬಿಗಿದುಬಿಟ್ಟರೆ ಎಳೆತ ಪಟ್ಟಿಯ ಮೇಲೆ ಬೀಳುವುದಿಲ್ಲ. ಬೆಸುಗೆ ಹಾಕಿಸುವಾಗ '104' ಅಂತ ಬರೆದಿರುವ ಪುಟ್ಟ ಸೆರಾಮಿಕ್ ಕೆಪಾಸಿಟರನ್ನೂ ಆ ಎರಡು ಪಟ್ಟಿಗೆ ಅಡ್ಡ ಹಾಕಿಸಿ. ಅದು 0.1 ಮೈಕ್ರೋಫ್ಯಾರಡ್, ಒಂದೆರಡು ರೂಪಾಯಿ. ಮೋಟರಿನ ಬ್ರಷ್ ಕಿಡಿಯಿಂದ ಬರುವ ಗಲಾಟೆಯನ್ನು ಅಲ್ಲೇ ತಡೆಯುತ್ತದೆ. ಇಲ್ಲದಿದ್ದರೆ ಬೋರ್ಡ್ ಆಗಾಗ ತಲೆಕೆಟ್ಟ ಹಾಗೆ ಆಡಬಹುದು.

ಮಲ್ಟಿಮೀಟರ್ ಇದ್ದರೆ ಇನ್ನೊಂದು ಕೆಲಸ ಮಾಡಿ. ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ, ಮೀಟರನ್ನು ಬ್ಯಾಟರಿ ಮತ್ತು ಮೋಟರ್ ನಡುವೆ ಸೇರಿಸಿ. ಚಕ್ರ ಬಿಡುವಾಗಿ ತಿರುಗುವಾಗ ಒಂದು ಅಂಕಿ ಬರುತ್ತದೆ. ಈಗ ಚಕ್ರವನ್ನು ಒಂದೇ ಒಂದು ಸೆಕೆಂಡ್ ಕೈಯಲ್ಲಿ ಹಿಡಿದು ನಿಲ್ಲಿಸಿ. ಅಂಕಿ ಒಂದು ಆಂಪಿಯರ್ ಹತ್ತಿರಕ್ಕೆ ಜಿಗಿಯುತ್ತದೆ. ಆ ಎರಡನೆಯ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಡ್ರೈವರ್ ಕೊಳ್ಳುವುದು ಅದನ್ನು ನೋಡಿಯೇ. ಕೆಲಸ ಆದಮೇಲೆ ಪ್ರೋಬನ್ನು ಮರೆಯದೆ ವೋಲ್ಟ್ ತೂತಿಗೆ ವಾಪಸ್ ಹಾಕಿ. ಹಾಗೇ ಬಿಟ್ಟು ಆಮೇಲೆ ವೋಲ್ಟೇಜ್ ನೋಡಲು ಹೋದರೆ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ.

ಬ್ಯಾಟರಿ

ಮೊದಲು ಏನು ಬೇಡ ಅಂತ ಹೇಳುತ್ತೇನೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಬೇಡ. 9 ಅಂತ ದೊಡ್ಡದಾಗಿ ಬರೆದಿರುತ್ತದೆ, ಕ್ಲಿಪ್ ಸಿಗುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಮಲ್ಟಿಮೀಟರ್‌ಗೆ, ಹೊಗೆ ಪತ್ತೆ ಮಾಡುವ ಅಲಾರಂಗೆ ಅದು ಸರಿ. ಎರಡು ಮೋಟರ್ ಎಳೆಯುವ ಕರೆಂಟ್ ಕೊಡುವ ತಾಕತ್ತು ಅದಕ್ಕಿಲ್ಲ. ಮೋಟರ್ ಹೊರಟ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ಆಫ್ ಆಗುತ್ತದೆ. ಮೋಟರ್ ನಿಂತ ಮೇಲೆ ವೋಲ್ಟೇಜ್ ಏರುತ್ತದೆ, ಬೋರ್ಡ್ ಮತ್ತೆ ಆನ್. ಗಾಡಿ ಗಕ್ಕನೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾ ಬೋರ್ಡಿನ ದೀಪ ಮಿಣಮಿಣ ಅನ್ನುತ್ತಿದ್ದರೆ ಕಾರಣ ಇದೇ. ಪಾಪ, ಮಕ್ಕಳು ವಾರಗಟ್ಟಲೆ ಪ್ರೋಗ್ರಾಂ ತಿದ್ದುತ್ತಾ ಕೂತಿರುತ್ತಾರೆ.

ನಾಲ್ಕು ಪೆನ್ಸಿಲ್ ಸೆಲ್, ಅಂದರೆ 6 ವೋಲ್ಟ್? ಅದೂ ಕಷ್ಟ. ಸಾಮಾನ್ಯವಾಗಿ ಸಿಗುವ ಎಲ್298ಎನ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ಮೋಟರಿಗೆ ಉಳಿಯುವುದು 4. ಅದರ ಮೇಲೆ ಊನೋ ಅನ್ನುವ ಆರ್ಡುಯಿನೋ ಬೋರ್ಡಿನಲ್ಲಿ ಬ್ಯಾಟರಿ ಸೇರಿಸುವ ವಿನ್ ಪಿನ್ನಿಗೆ 7 ವೋಲ್ಟಾದರೂ ಬೇಕು. ಆರು ಸೆಲ್ ಹಿಡಿಯುವ ಹೋಲ್ಡರ್ ತೆಗೆದುಕೊಳ್ಳಿ. ಆಲ್ಕಲೈನ್ ಆದರೆ 9 ವೋಲ್ಟ್, ರೀಚಾರ್ಜ್ ಮಾಡುವ ನಿಕ್ಕಲ್ ಸೆಲ್ ಆದರೆ 7.2. ಹತ್ತು ಹನ್ನೆರಡು ವರ್ಷದ ಮಗುವಿಗಾದರೆ ನಾನು ಇದನ್ನೇ ಹೇಳುತ್ತೇನೆ. ಬಿದ್ದರೂ, ಅಕಸ್ಮಾತ್ ಶಾರ್ಟ್ ಆದರೂ ಲಿಥಿಯಂನಷ್ಟು ಭಯ ಇಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ 18650 ಲಿಥಿಯಂ ಸೆಲ್ ಎರಡು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರು ಬಂದಿದ್ದು ಅದರಿಂದಲೇ. ಒಂದು ಸೆಲ್ 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಎರಡು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ, ಹಾಕಿದರೆ 8.4. ಡ್ರೈವರ್ ಎರಡು ನುಂಗಿದ ಮೇಲೆ ಮೋಟರಿಗೆ 6 ಚಿಲ್ಲರೆ. ಬಿಒ ಮೋಟರಿಗೆ ಬೇಕಾದ್ದು ಅಷ್ಟೇ.

ಈ ಸೆಲ್‌ನಲ್ಲಿ ಮೋಸ ಬಹಳ. ಮೈಮೇಲೆ 6800, 9800 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಅಚ್ಚು ಹಾಕಿರುತ್ತಾರೆ. ಒಳ್ಳೆಯ ಕಂಪನಿಯ 18650 ಸೆಲ್ ಸಾಮಾನ್ಯವಾಗಿ 2000ದಿಂದ 3500ರ ಒಳಗೆ. ಹೋದ ತಿಂಗಳು ಒಬ್ಬ ಹುಡುಗ 9800ರ ಸೆಲ್ ತಂದಿದ್ದ. ಕೈಯಲ್ಲಿ ಹಿಡಿದರೆ ಹಗುರ. ಪಕ್ಕದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆವು, 30 ಗ್ರಾಂ ಸಹ ಬರಲಿಲ್ಲ. ಸಾಚಾ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. "ಒಳಗೆ ಏನಿಟ್ಟಿದಾರೆ ಅಂಕಲ್?" ಅಂದ. ಬಿಚ್ಚಿ ನೋಡುವ ಸಾಮಾನಲ್ಲ ಅದು, ಬೆಂಕಿ ಹತ್ತಬಹುದು ಅಂತ ಗದರಿಸಿ ಕಳಿಸಿದೆ.

ಕೊಳ್ಳುವಾಗ ನೋಡಬೇಕಾದ್ದು: ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಲ್ಲೂ ಹರಿದಿರಬಾರದು. ಮೀಟರ್ ಇಟ್ಟರೆ 3.5 ಆಸುಪಾಸು ತೋರಿಸಬೇಕು. 2.5ಕ್ಕಿಂತ ಕೆಳಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್ ಅಗ್ಗಕ್ಕೆ ಸಿಗುತ್ತವೆ. ಅವುಗಳ ವಯಸ್ಸು ಯಾರಿಗೂ ಗೊತ್ತಿರುವುದಿಲ್ಲ, ಮೊದಲ ಗಾಡಿಗೆ ಬೇಡ. ಒಳಗೇ ರಕ್ಷಣೆ ಸರ್ಕ್ಯೂಟ್ ಇರುವ ಸೆಲ್ ಒಳ್ಳೆಯದು, ಆದರೆ ನಾಲ್ಕೈದು ಮಿಲಿಮೀಟರ್ ಉದ್ದ ಜಾಸ್ತಿ ಇರುತ್ತದೆ. ಹಾಗಾಗಿ ಹೋಲ್ಡರನ್ನೂ ಅಲ್ಲೇ ತೆಗೆದುಕೊಂಡು ಕೂರಿಸಿ ನೋಡಿ. ಹೋಲ್ಡರ್ ಕೇಳುವಾಗ 'ಸೀರೀಸ್' ಅಂತ ಒತ್ತಿ ಹೇಳಿ. ಪ್ಯಾರಲಲ್ ಕೊಟ್ಟರೆ ವೋಲ್ಟೇಜ್ ಏರುವುದೇ ಇಲ್ಲ.

ತುಂಬಿದ ಮೇಲೆ ತಾನಾಗಿ ನಿಲ್ಲುವ ಚಾರ್ಜರ್ ತನ್ನಿ. ಕೈಗೆ ಸಿಕ್ಕ ಅಡಾಪ್ಟರ್‌ನಿಂದ ಲಿಥಿಯಂ ಚಾರ್ಜ್ ಮಾಡಬಾರದು. ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಇರುವ ಜೇಬಿನಲ್ಲಿ ಹಾಕಿಕೊಂಡು ಬರಬಾರದು. ಹತ್ತು ರೂಪಾಯಿಯ ಒಂದು ಸ್ವಿಚ್ ಬ್ಯಾಟರಿಯ ಕೆಂಪು ವೈರಿಗೆ ಹಾಕಿ. ಯಾರ ಪಟ್ಟಿಯಲ್ಲೂ ಈ ಸ್ವಿಚ್ ಇರುವುದಿಲ್ಲ.

ಡ್ರೈವರ್

ಬೋರ್ಡಿನ ಪಿನ್ನಿಗೆ ನೇರವಾಗಿ ಮೋಟರ್ ಸೇರಿಸುವ ಹಾಗಿಲ್ಲ. ಊನೋ ಬೋರ್ಡಿನ ಒಂದು ಪಿನ್ 20 ಮಿಲಿಆಂಪಿಯರ್ ಕೊಡಲಿಕ್ಕೆ ಮಾಡಿದ್ದು. ಮಧ್ಯೆ ಡ್ರೈವರ್ ಬೇಕೇ ಬೇಕು.

ಎಲ್293ಡಿ ಒಂದು ಮೋಟರಿಗೆ 0.6 ಆಂಪಿಯರ್ ಕೊಡುತ್ತದೆ. ಚಕ್ರ ಸಿಕ್ಕಿಕೊಂಡಾಗ ನೀವು ಅಳೆದ ಅಂಕಿ ಅದಕ್ಕಿಂತ ಜಾಸ್ತಿ ಅಲ್ವಾ? ಹಾಗಾಗಿ ಬೇಡ. ಎಲ್298ಎನ್ 2 ಆಂಪಿಯರ್ ತಡೆಯುತ್ತದೆ, ಕಪ್ಪು ಹೀಟ್‌ಸಿಂಕ್ ಹೊತ್ತ ಕೆಂಪು ಬೋರ್ಡ್, 120ರಿಂದ 180 ರೂಪಾಯಿ. ಟಿಬಿ6612 ಇದಕ್ಕಿಂತ ಜಾಣ, ವೋಲ್ಟೇಜನ್ನು ಹೆಚ್ಚು ನುಂಗುವುದಿಲ್ಲ. ಆದರೆ ಅದು ಪುಟ್ಟದು, ಪಿನ್ ಬೆಸುಗೆ ಹಾಕಿಕೊಳ್ಳಬೇಕು, ಸ್ಕ್ರೂ ಹಾಕಿ ವೈರ್ ಬಿಗಿಯುವ ಅನುಕೂಲ ಇಲ್ಲ. ಮೊದಲ ಸಲಕ್ಕೆ ಎಲ್298ಎನ್ ಸಾಕು. ದಪ್ಪ ಚರ್ಮದ ಸಾಮಾನು, ಸಣ್ಣಪುಟ್ಟ ತಪ್ಪಿಗೆ ಸಾಯುವುದಿಲ್ಲ. ಎರಡು ಲಿಥಿಯಂ ಸೆಲ್ ಹಾಕಿದರೆ ಅದರ ಮೇಲಿರುವ ರೆಗ್ಯುಲೇಟರ್‌ನಿಂದಲೇ 5 ವೋಲ್ಟ್ ತೆಗೆದು ಊನೋಗೆ ಕೊಡಬಹುದು.

ಬೋರ್ಡ್, ಕಣ್ಣು, ಮಿಕ್ಕಿದ್ದು

ಆರ್ಡುಯಿನೋ ಊನೋ ತಗೊಳ್ಳಿ. ಅದರ ವಿನ್ಯಾಸ ಎಲ್ಲರಿಗೂ ತೆರೆದಿಟ್ಟದ್ದು, ಹಾಗಾಗಿ ಬೇರೆಯವರು ಮಾಡಿದ ಬೋರ್ಡ್ ಕೊಳ್ಳುವುದರಲ್ಲಿ ಕಳ್ಳತನ ಏನಿಲ್ಲ. 300ರಿಂದ 600 ರೂಪಾಯಿಗೆ ಸಿಗುವುದೆಲ್ಲ ಅಂಥವೇ. ಇಂಥ ಬಹಳಷ್ಟು ಬೋರ್ಡುಗಳಲ್ಲಿ ಯುಎಸ್‌ಬಿಗೆ ಸಿಎಚ್340 ಅನ್ನುವ ಚಿಪ್ ಇರುತ್ತದೆ. ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಆ ಚಿಪ್ಪಿನ ಡ್ರೈವರ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಬೋರ್ಡ್ ಕೆಟ್ಟಿದೆ ಅಂತ ವಾಪಸ್ ಒಯ್ಯಬೇಡಿ. ಉದ್ದನೆಯ ಕಪ್ಪು ಐಸಿ ಸಾಕೆಟ್‌ನಲ್ಲಿ ಕೂತಿರುವ ಊನೋ ಸಿಕ್ಕರೆ ಐವತ್ತು ನೂರು ಜಾಸ್ತಿ ಆದರೂ ಅದನ್ನೇ ಆರಿಸಿ. ಸುಟ್ಟರೆ ಐಸಿ ಮಾತ್ರ ಬದಲಿಸಬಹುದು. ಬೂಟ್‌ಲೋಡರ್ (ಯುಎಸ್‌ಬಿಯಿಂದ ನಿಮ್ಮ ಪ್ರೋಗ್ರಾಂ ತೆಗೆದುಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಹಾಕಿರುವ ಐಸಿ ಬೇಕು ಅಂತ ಕೇಳಬೇಕು.

ಇಎಸ್‌ಪಿ32 ಕೂಡ ಒಳ್ಳೆಯ ಬೋರ್ಡ್, ವೈಫೈ ಇದೆ, ಬೆಲೆಯೂ ಅಷ್ಟೇ. ಆದರೆ ಅದು 3.3 ವೋಲ್ಟಿನದು. 5 ವೋಲ್ಟಿನ ಸೆನ್ಸರ್ ಜೊತೆ ಮಾತಾಡಿಸಲು ಮಧ್ಯೆ ರೆಸಿಸ್ಟರ್ ಹಾಕಬೇಕು. ಎರಡನೇ ಗಾಡಿಗೆ ಇಟ್ಟುಕೊಳ್ಳಿ.

ಕೇಬಲ್ ಬಗ್ಗೆ ಒಂದು ಮಾತು. ಹಳೇ ಊನೋಗೆ ಪ್ರಿಂಟರ್ ಕೇಬಲ್ ಹಿಡಿಸುತ್ತದೆ. ಹೊಸ ಬೋರ್ಡ್‌ಗಳಿಗೆ ಫೋನಿನ ಕೇಬಲ್. ಫೋನಿನ ಅಗ್ಗದ ಕೇಬಲ್‌ಗಳಲ್ಲಿ ಕೆಲವು ಚಾರ್ಜಿಗೆ ಮಾತ್ರ, ಒಳಗೆ ಡೇಟಾ ವೈರೇ ಇರುವುದಿಲ್ಲ. ದೀಪ ಉರಿಯುತ್ತದೆ, ಪ್ರೋಗ್ರಾಂ ಹೋಗುವುದಿಲ್ಲ. ಫೋನಿನಿಂದ ಕಂಪ್ಯೂಟರಿಗೆ ಫೋಟೋ ಹಾಕಲು ಬರುವ ಕೇಬಲ್ ಆದರೆ ಸರಿ.

ಕಣ್ಣಿಗೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್, 60ರಿಂದ 100 ರೂಪಾಯಿ. 2 ಸೆಂಟಿಮೀಟರಿನಿಂದ 4 ಮೀಟರ್ ತನಕ ಅಂತ ಹೇಳುತ್ತಾರೆ. ಗೋಡೆ, ಬಾಗಿಲು, ಡಬ್ಬ ಚೆನ್ನಾಗಿ ಕಾಣುತ್ತದೆ. ಪರದೆ, ಕಂಬಳಿ, ನೇತುಹಾಕಿದ ಸೀರೆ ಕಾಣುವುದಿಲ್ಲ, ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ. ಗೆರೆ ಹಿಡಿದು ಓಡುವ ಗಾಡಿ ಬೇಕಿದ್ದರೆ ಐಆರ್ (ಇನ್‌ಫ್ರಾರೆಡ್ ಬೆಳಕಿನ) ಮಾಡ್ಯೂಲ್ ಎರಡು. ಅವು ಬಿಸಿಲಿಗೆ ಗಲಿಬಿಲಿ ಆಗುತ್ತವೆ.

ಜಂಪರ್ ವೈರ್ 'ಮೇಲ್-ಮೇಲ್' ಒಂದು ಕಟ್ಟು, 'ಮೇಲ್-ಫೀಮೇಲ್' ಒಂದು ಕಟ್ಟು. ಬೆಸುಗೆ ಇಲ್ಲದೆ ವೈರ್ ಚುಚ್ಚಿ ಸೇರಿಸುವ ಪುಟ್ಟ ಬ್ರೆಡ್‌ಬೋರ್ಡ್. ಮುಂದಿನ ಉರುಳು ಗಾಲಿಗೆ 'ಕ್ಯಾಸ್ಟರ್' ಅಂತ ಕೇಳಿ. ಅದು ಸಿಗದಿದ್ದರೆ ರೋಲ್-ಆನ್ ಡಿಯೋಡರೆಂಟ್ ಬಾಟಲಿಯ ತಲೆ ಕತ್ತರಿಸಿ ಅಂಟಿಸಿದರೂ ಆಗುತ್ತದೆ. ಅಕ್ರಿಲಿಕ್ ಚಾಸಿಗೆ, ಅಂದರೆ ಗಾಡಿಯ ತಳದ ಹಲಗೆಗೆ, ದುಡ್ಡು ಹಾಕಬೇಡಿ. ಸ್ಟೇಷನರಿ ಅಂಗಡಿಯ ಸನ್‌ಬೋರ್ಡ್, ಇಲ್ಲವೇ ಬಡಗಿಯ ಹತ್ತಿರ ಉಳಿದ ಪ್ಲೈವುಡ್ ತುಂಡು ಸಾಕು.

ಎಲ್ಲಾ ಸೇರಿ 1,200ರಿಂದ 1,800 ರೂಪಾಯಿ ಒಳಗೆ ಬರುತ್ತದೆ, ಚಾರ್ಜರ್ ಮತ್ತು ಮಲ್ಟಿಮೀಟರ್ ಬಿಟ್ಟು. ಮಲ್ಟಿಮೀಟರ್ ಇನ್ನೂರು ಮುನ್ನೂರಕ್ಕೆ ಸಿಗುವ ಹಳದಿ ಡಬ್ಬವೇ ಸಾಕು. ಅದಿಲ್ಲದೆ ಮಾತ್ರ ಶುರು ಮಾಡಬೇಡಿ.

ಎಸ್.ಪಿ. ರೋಡಿನಲ್ಲಿ

ಎಲೆಕ್ಟ್ರಾನಿಕ್ಸ್ ಸಾಮಾನಿಗೆ ನಮ್ಮ ಕಡೆಯವರಿಗೆ ಕೊನೆಗೂ ಬೆಂಗಳೂರಿನ ಎಸ್.ಪಿ. ರೋಡೇ ಗತಿ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್ ಇದ್ದ ಹಾಗೆ. ತಿಪಟೂರಿನಿಂದ ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ಇಳಿದು ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತವೆ. ಬೆಳಿಗ್ಗೆ ಹತ್ತೂವರೆಗೆ ಮುಂಚೆ ಹೋದರೆ ಶಟರ್ ನೋಡಿಕೊಂಡು ಕಾಫಿ ಕುಡಿಯಬೇಕಷ್ಟೇ. ಶನಿವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ವಾರದ ದಿನ, ಹನ್ನೊಂದರ ಹೊತ್ತಿಗೆ ಹೋಗಿ. ಕೌಂಟರಿನವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ.

ರಸ್ತೆಯ ಮುಂಭಾಗ ಪೂರ್ತಿ ಲ್ಯಾಪ್‌ಟಾಪ್, ಸಿಸಿಟಿವಿ. ನೋಡಿ ಗಾಬರಿ ಆಗಬೇಡಿ. ನಿಮಗೆ ಬೇಕಾದ ಅಂಗಡಿಗಳು ಪಕ್ಕದ ಗಲ್ಲಿಗಳಲ್ಲಿ, ಕಾಂಪ್ಲೆಕ್ಸ್‌ಗಳ ಒಳಗೆ, ಮೇಲಿನ ಮಹಡಿಗಳಲ್ಲಿ ಇರುತ್ತವೆ. ಗೋಡೆ ತುಂಬಾ ಸಣ್ಣ ಸಣ್ಣ ಡ್ರಾಯರ್ ಇರುವ ಅಂಗಡಿ ಕಂಡರೆ ನಿಲ್ಲಿ. ಕೆಲವರು ಹೋಲ್‌ಸೇಲ್‌ನವರು, ರೆಸಿಸ್ಟರ್ ಒಂದೆರಡು ಪೀಸ್ ಕೇಳಿದರೆ ಮುಖ ತಿರುಗಿಸುತ್ತಾರೆ. "ಅಣ್ಣಾ, ಸ್ಟೂಡೆಂಟ್ ಪ್ರಾಜೆಕ್ಟಿಗೆ ಬೇಕು, ಲೂಸ್ ಎಲ್ಲಿ ಸಿಗುತ್ತೆ?" ಅಂತ ಅವರನ್ನೇ ಕೇಳಿ. ಮೂರನೇ ಅಂಗಡಿ ಅಂತ ತೋರಿಸುತ್ತಾರೆ.

ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಪ್ರತಿಯೊಂದರ ಎದುರು ನಂಬರ್, ಎಷ್ಟು ಬೇಕು, 'ಮಾಡ್ಯೂಲ್' (ಐಸಿಯನ್ನು ಪುಟ್ಟ ಬೋರ್ಡಿನ ಮೇಲೆ ಕೂರಿಸಿದ ಸಾಮಾನು) ಅನ್ನುವ ಪದ. ಈ ಕೊನೆಯದು ಮುಖ್ಯ. ಬರೀ "ಎಲ್298ಎನ್ ಒಂದು ಕೊಡಿ" ಅಂದರೆ ಹದಿನೈದು ಕಾಲಿನ ಬೋಳು ಐಸಿಯನ್ನು ಕವರಿಗೆ ಹಾಕಿ ಕೊಟ್ಟುಬಿಡುತ್ತಾರೆ. ಅವರದೇನೂ ತಪ್ಪಿಲ್ಲ, ಕೇಳಿದ್ದನ್ನೇ ಕೊಟ್ಟರು. ಅದೂ ಅಲ್ಲದೆ "ರೋಬೋಟಿಗೆ ಏನೇನು ಬೇಕೋ ಕೊಡಿ" ಅಂತ ಯಾವತ್ತೂ ಹೇಳಬೇಡಿ. ಒಂದು ದೊಡ್ಡ ಕಿಟ್ ಡಬ್ಬ ಮೇಜಿನ ಮೇಲೆ ಬರುತ್ತದೆ. ಅದರಲ್ಲಿ ಅರ್ಧ ಸಾಮಾನನ್ನು ನೀವು ಮುಟ್ಟುವುದೇ ಇಲ್ಲ, ಆಮೇಲೆ ನೋಡಿದರೆ ಬ್ಯಾಟರಿ ಬೇರೆ ಕೊಳ್ಳಬೇಕು.

ದೊಡ್ಡ ಸಾಮಾನಿನ ದರವನ್ನು ಎರಡು ಅಂಗಡಿಯಲ್ಲಿ ವಿಚಾರಿಸಿ. ಸಣ್ಣ ಸಾಮಾನಿಗೆ ಚೌಕಾಸಿ ಮಾಡಬೇಡಿ, ಐದು ರೂಪಾಯಿಗೆ ಅರ್ಧ ಗಂಟೆ ಹೋಗುತ್ತದೆ. ಎಲ್ಲಾ ಒಂದೇ ಕಡೆ ಕೊಂಡರೆ ಕೊನೆಯಲ್ಲಿ "ರೌಂಡ್ ಮಾಡಿ ಅಣ್ಣಾ" ಅಂದರೆ ಸಾಕು. ಬಿಲ್ ಕೇಳಿ ಪಡೆಯಿರಿ. ಬದಲಿಸಿ ಕೊಡುತ್ತೀರಾ, ಎಷ್ಟು ದಿನದೊಳಗೆ ಅಂತ ದುಡ್ಡು ಕೊಡುವ ಮುಂಚೆ ಕೇಳಿ. ಕೆಲವರು ಕೌಂಟರಿನಲ್ಲೇ ಚೆಕ್ ಮಾಡಿ ಕೊಡುತ್ತಾರೆ, ಆಮೇಲೆ ಬದಲಿಸುವುದಿಲ್ಲ. ಅದೂ ನ್ಯಾಯವೇ. ನಿಮ್ಮ ಮೀಟರ್ ಜೇಬಿನಲ್ಲಿರಲಿ.

ಬೆಂಗಳೂರಿಗೆ ಹೋಗಲು ಆಗದವರು ಆನ್‌ಲೈನ್‌ನಲ್ಲಿ ತರಿಸಿ. ಎಲ್ಲವನ್ನೂ ಒಂದೇ ಆರ್ಡರಿನಲ್ಲಿ ಹಾಕಿ, ಇಲ್ಲದಿದ್ದರೆ ಸೆನ್ಸರಿಗಿಂತ ಕೊರಿಯರ್ ಖರ್ಚೇ ಜಾಸ್ತಿ. ಲಿಥಿಯಂ ಸೆಲ್‌ಗೆ ವಿಮಾನದಲ್ಲಿ ನಿರ್ಬಂಧ ಇರುವುದರಿಂದ ಅದು ನಿಧಾನವಾಗಿ ರಸ್ತೆಯಲ್ಲಿ ಬರಬಹುದು. ಊರಲ್ಲೇ ಸಿಗುವುದೂ ಬೇಕಾದಷ್ಟಿದೆ: ಮೊಬೈಲ್ ಅಂಗಡಿಯಲ್ಲಿ ಸೋಲ್ಡರ್, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರ್, ಸ್ವಿಚ್. ನನ್ನಂಥ ರಿಪೇರಿಯವನ ಹತ್ತಿರ 104 ಕೆಪಾಸಿಟರ್ ಕೇಳಿದರೆ ಹಳೇ ಬೋರ್ಡಿನಿಂದ ಕಿತ್ತು ಸುಮ್ನೆ ಕೊಟ್ಟುಬಿಡುತ್ತೇವೆ. ಕೆಟ್ಟುಹೋದ ಪ್ರಿಂಟರ್ ಸಿಕ್ಕರೆ ಬಿಡಬೇಡಿ. ಮೋಟರ್, ಹಲ್ಲುಚಕ್ರ, ಸ್ಟೀಲ್ ಕಡ್ಡಿ, ಸ್ಕ್ರೂ, ಎಲ್ಲಾ ಸಿಗುತ್ತವೆ. ಆ ಮೋಟರ್ ಈ ಗಾಡಿಗೆ ಆಗುವುದಿಲ್ಲ, ಡಬ್ಬಕ್ಕೆ ಹಾಕಿಡಿ.

ಮನೆಗೆ ಬಂದ ದಿನವೇ

ಬದಲಿಸುವ ಅವಧಿ ಮುಗಿಯುವ ಮುಂಚೆ ಒಂದೊಂದನ್ನೇ ಬೇರೆ ಬೇರೆಯಾಗಿ ಪರೀಕ್ಷಿಸಿ. ಗಾಡಿ ಕಟ್ಟಿ ಆಮೇಲೆ ನೋಡಿದರೆ ಕೆಟ್ಟಿದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಮೊದಲು ಬೋರ್ಡಿಗೆ ಕೇಬಲ್ ಹಾಕಿ 'ಬ್ಲಿಂಕ್' ಪ್ರೋಗ್ರಾಂ ಕಳಿಸಿ, 13ನೇ ಪಿನ್ನಿನ ದೀಪ ಮಿನುಗಬೇಕು. ಆಮೇಲೆ ಸೆನ್ಸರ್ ಮಾತ್ರ ಸೇರಿಸಿ, ಎದುರಿಗೆ ಸ್ಕೇಲ್ ಇಟ್ಟು ಪುಸ್ತಕವನ್ನು 10, 20, 30 ಸೆಂಟಿಮೀಟರಿನಲ್ಲಿ ನಿಲ್ಲಿಸಿ ನೋಡಿ. ಜಂಪರ್ ವೈರ್‌ಗಳನ್ನೂ ಮೀಟರಿನ ಬೀಪ್‌ನಲ್ಲಿ ಒಂದೊಂದಾಗಿ ನೋಡಿ, ಹೊಸ ಕಟ್ಟಿನಲ್ಲೂ ಒಂದೆರಡು ಸತ್ತವು ಇರುತ್ತವೆ.

ಕೊನೆಗೆ ಬ್ಯಾಟರಿ, ಡ್ರೈವರ್, ಮೋಟರ್. ಬ್ಯಾಟರಿಯ ಮೈನಸ್, ಡ್ರೈವರಿನ ಗ್ರೌಂಡ್, ಬೋರ್ಡಿನ ಗ್ರೌಂಡ್ ಮೂರೂ ಒಂದಕ್ಕೊಂದು ಸೇರಿರಬೇಕು. ಇದೊಂದು ವೈರ್ ಬಿಟ್ಟುಹೋದರೆ ಮೋಟರ್ ತನಗಿಷ್ಟ ಬಂದ ಹಾಗೆ ಅಲುಗಾಡುತ್ತದೆ. ಗಾಡಿಯನ್ನು ಒಂದು ಡಬ್ಬದ ಮೇಲೆ ಕೂರಿಸಿ, ಚಕ್ರ ನೆಲ ಮುಟ್ಟದ ಹಾಗೆ ಇಟ್ಟು ಸ್ವಿಚ್ ಹಾಕಿ. ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿದರೆ ಪ್ರೋಗ್ರಾಂ ಮುಟ್ಟಬೇಡಿ. ಆ ಮೋಟರಿನ ಎರಡು ವೈರನ್ನು ಡ್ರೈವರಿನಲ್ಲಿ ಅದಲುಬದಲು ಮಾಡಿ ಸ್ಕ್ರೂ ಬಿಗಿದರೆ ಆಯಿತು.